ಮೊದಲನೇ ಸ್ಲಾಟಿನಲ್ಲಿ ಅತ್ತೆ

ಟೋಂಗಾದ ರಾಜಧಾನಿ ನುಕುಅಲೋಫಾದ ಮಾರುಕಟ್ಟೆಯ ಹಿಂದೆ, ಲತಾಯ್ ಎಂಬಾಕೆ ನಡೆಸುವ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಕೆಲೆಪಿ ಸಂಬಳಕ್ಕಿದ್ದ. ವಯಸ್ಸು ಇಪ್ಪತ್ತಾರು. ಮೈಕಟ್ಟು ನೋಡಿ ಜನ ರಗ್ಬಿ ಆಡುತ್ತೀಯಾ ಎಂದು ಕೇಳುತ್ತಿದ್ದರು. ಅವನು ಆಡಿದ್ದನ್ನು ಒಮ್ಮೆ ನೋಡಿದವರು ಮತ್ತೆ ಕೇಳುತ್ತಿರಲಿಲ್ಲ. ಊರಲ್ಲಿ ಅವನಿಗಿದ್ದ ಹೆಸರು ರಬ್ಬರ್ ಕೆಲೆಪಿ. ಶಾಲೆ ಮಕ್ಕಳು ಪೆನ್ಸಿಲ್ ಅಳಿಸುವ ರಬ್ಬರೊಂದು ಅವನ ಜೇಬಿನಲ್ಲಿ ಸದಾ ಇರುತ್ತಿತ್ತು. ಸತ್ತೇ ಹೋಗಿದೆ ಎಂದು ಜನ ಹೊತ್ತು ತಂದ ಕಂಪ್ಯೂಟರಿನ ಮುಚ್ಚಳ ಬಿಚ್ಚಿ, ರ್‍ಯಾಮ್ ಪಟ್ಟಿಯನ್ನು ಹೊರಗೆಳೆದು, ಅದರ ಅಂಚಿನ ಚಿನ್ನದ ಬಣ್ಣದ ಹಲ್ಲುಗಳನ್ನು ಆ ರಬ್ಬರಿನಿಂದ ನಾಲ್ಕು ಸಲ ಉಜ್ಜಿ ಮತ್ತೆ ಕೂರಿಸಿದರೆ, ಹತ್ತರಲ್ಲಿ ಆರು ಯಂತ್ರಗಳು ಎದ್ದು ಕೂರುತ್ತಿದ್ದವು. ಸಮುದ್ರದ ಉಪ್ಪುಗಾಳಿ ಆ ಹಲ್ಲುಗಳಿಗೆ ಹಿಡಿಸಿದ್ದ ಕಿಲುಬು ಹೋದರೆ ಸಾಕಿತ್ತು. ಅವನ ನಿಜವಾದ ವಿದ್ಯೆ ಇದ್ದದ್ದು ಉಳಿದ ನಾಲ್ಕರಲ್ಲಿ.

ಊರಿಗೆ ಬರುತ್ತಿದ್ದ ಕಂಪ್ಯೂಟರುಗಳೆಲ್ಲ ಆಕ್ಲೆಂಡ್, ಸಿಡ್ನಿಯ ಕಚೇರಿಗಳು ಬಳಸಿ ಬಿಟ್ಟವು. ಒಂದು ಹಡಗಿನಲ್ಲಿ ಬಂದದ್ದಕ್ಕೂ ಇನ್ನೊಂದರಲ್ಲಿ ಬಂದದ್ದಕ್ಕೂ ಹತ್ತು ವರ್ಷದ ಅಂತರ. ಹಳೆಯ ಮದರ್‌ಬೋರ್ಡಿಗೆ ಹೊಸ ಕಾಲದ ರ್‍ಯಾಮ್ ಹಾಕಿದರೆ ಒಂದು ಬೋರ್ಡು ಕೀ ಕೀ ಎಂದು ಕೂಗುತ್ತಿತ್ತು, ಇನ್ನೊಂದು ಕಪ್ಪು ಮುಖ ಮಾಡಿಕೊಂಡು ಕೂರುತ್ತಿತ್ತು, ಮತ್ತೊಂದು ಅರ್ಧ ಮಾತ್ರ ಎಣಿಸಿ ಸುಮ್ಮನಾಗುತ್ತಿತ್ತು. ಯಾವುದಕ್ಕೆ ಯಾವುದು ಒಗ್ಗುತ್ತದೆ ಎನ್ನುವುದು ಕೆಲೆಪಿಗೆ ಬೆರಳ ತುದಿಯಲ್ಲಿತ್ತು. ಮುಚ್ಚಳ ತೆಗೆದ ಕೂಡಲೇ ಮೊದಲು ಮೂಸುತ್ತಿದ್ದ, ಆಮೇಲೆ ರ್‍ಯಾಮಿನ ಮೇಲಿನ ಕಪ್ಪು ಚಿಪ್ಪುಗಳನ್ನು ಎಣಿಸುತ್ತಿದ್ದ. "ಮೂಸು, ಎಣಿಸು, ಉಜ್ಜು. ಇಷ್ಟಕ್ಕೆ ಸಂಬಳ ಕೊಡ್ತಾರೆ ನೋಡಿ, ನನ್ನ ಪುಣ್ಯ," ಎಂದು ಗಿರಾಕಿಗಳೆದುರು ತನ್ನನ್ನೇ ಆಡಿಕೊಳ್ಳುತ್ತಿದ್ದ. ಒಳಗೊಳಗೆ ಮಾತ್ರ ಈ ದ್ವೀಪದಲ್ಲಿ ತನ್ನ ಕೈ ಸೋಲುವ ಬೋರ್ಡು ಇಲ್ಲ ಎಂದೇ ನಂಬಿದ್ದ. ಅದು ಹೆಚ್ಚುಕಡಿಮೆ ನಿಜವೂ ಆಗಿತ್ತು, ಅತ್ತೆಯ ವಿಷಯ ಬರುವವರೆಗೆ.

ಅವನ ಚರ್ಚಿನ ಹಾಡುಗಾರರ ತಂಡಕ್ಕೂ ಒಂದು ಕಂಪ್ಯೂಟರ್ ಇತ್ತು. ತಂಡದ ಮೇಷ್ಟ್ರು ಓಸಾಯಾಸಿ, ಅರವತ್ತು ದಾಟಿದ ದಪ್ಪ ದನಿಯ ಮನುಷ್ಯ. ಟೋಂಗಾದ ಹಾಡುಗಾರರು ಸ್ವರಗಳನ್ನು ಅಂಕಿಗಳಲ್ಲಿ ಬರೆದುಕೊಳ್ಳುತ್ತಾರೆ, ಮೂರರಿಂದ ಒಂಬತ್ತರವರೆಗೆ, ಏಳು ಸ್ವರಕ್ಕೆ ಏಳು ಅಂಕಿ: ತೊ, ಫಾ, ಮಾ, ನೊ, ತು, ವಾ, ಹಿ. ಹೀಗೆ ನಾಲ್ಕು ದನಿಗೆ ನಾಲ್ಕು ಸಾಲು ಅಂಕಿ ಜೋಡಿಸಿ ಗೋಡೆಗೆ ಹಚ್ಚುವಷ್ಟು ದೊಡ್ಡ ಹಾಳೆ ಅಚ್ಚು ಹಾಕುವ ಹಳೆಯ ಪ್ರೋಗ್ರಾಂ ಆ ಒಂದು ಯಂತ್ರ ಬಿಟ್ಟು ಬೇರೆಲ್ಲೂ ಓಡುತ್ತಿರಲಿಲ್ಲ. ಯಂತ್ರ ಶುರುವಾಗುವಾಗ ತನ್ನ ರ್‍ಯಾಮ್ ಎಣಿಸಿ ಪರದೆಯ ಮೇಲೆ ಕೆ.ಬಿ. ಲೆಕ್ಕದಲ್ಲಿ 65536 ಎಂದು ತೋರಿಸುತ್ತಿತ್ತು. ಓಸಾಯಾಸಿ ದಿನಾ ಬೆಳಗ್ಗೆ ಅದನ್ನು ಓದುತ್ತಿರಲಿಲ್ಲ, ಹಾಡುತ್ತಿದ್ದ. "ನೊ ಮಾ ಮಾ ತೊ ನೊ..." ಎಂದು ಗುನುಗಿ, "ಯಂತ್ರದ ಶ್ರುತಿ ಸರಿಯಾಗಿದೆ," ಎಂದು ಘೋಷಿಸಿ ಕೆಲಸಕ್ಕೆ ಕೂರುತ್ತಿದ್ದ.

ಆ ವರ್ಷ ಚರ್ಚಿನ ಮಹಾಸಭೆ ವವಾಉ ದ್ವೀಪದಲ್ಲಿ. ಓಸಾಯಾಸಿ ಹೊಸ ಹಾಡು ಕಟ್ಟಿದ್ದ. ಒಂಬತ್ತು ಪುಟಗಳನ್ನು ಅಂಟಿಸಿದರೆ ಆಗುವ ದೊಡ್ಡ ಹಾಳೆ, ಅಂಥವು ನಾಲ್ಕು. ಅರವತ್ತು ಜನ ಹಾಡುಗಾರರು ಅದನ್ನು ನೋಡಿ ಶುಕ್ರವಾರ ಸಂಜೆ ಕೊನೆಯ ಅಭ್ಯಾಸ ಮಾಡಬೇಕು, ಶನಿವಾರ ಹಡಗು ಹತ್ತಬೇಕು, ಅಲ್ಲಿ ಇಳಿದ ಮೇಲೆ ಅದೇ ಹಾಳೆ ಹಚ್ಚಿಕೊಂಡು ಮತ್ತೆ ಹಾಡಬೇಕು. ಕರಿಹಲಗೆಯನ್ನು ಹಡಗಿಗೆ ಏರಿಸಲಾದೀತೇ? ಆದರೆ ಯಂತ್ರದಲ್ಲಿದ್ದ ಅರವತ್ತನಾಲ್ಕು ಎಂ.ಬಿ. ರ್‍ಯಾಮ್ ದೊಡ್ಡ ಹಾಳೆಗೆ ಸಾಲದೆ ಎರಡನೇ ಪುಟಕ್ಕೇ ಉಸಿರು ಬಿಡುತ್ತಿತ್ತು. ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಕೆಲೆಪಿ ಎದ್ದು ನಿಂತು, ಯಾರೂ ಕೇಳದಿದ್ದರೂ ಮಾತು ಕೊಟ್ಟ: "ಶುಕ್ರವಾರ ಸಂಜೆಗೆ ನಾಲ್ಕೂ ಹಾಳೆ ಗೋಡೆ ಮೇಲಿರ್ತವೆ. ಅದು ನನ್ನ ಜವಾಬ್ದಾರಿ."

ಅವನು ಅಷ್ಟು ಧೈರ್ಯವಾಗಿ ಹೇಳಲು ಕಾರಣ ಅವನ ಸೋದರತ್ತೆ ಮೆಲೆನಾಯಿತೆ. ಆಕ್ಲೆಂಡಿನ ಮೀನು ಪ್ಯಾಕಿಂಗ್ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ದುಡಿದು ತಪಾಸಣೆ ಮೇಜಿನ ಮೇಲ್ವಿಚಾರಕಿಯಾದ ಹೆಂಗಸು. ರಜೆಗೆ ಬರುವಾಗ, ಎರಡು ಶನಿವಾರ ಹೆಚ್ಚಿನ ಪಾಳಿ ಮಾಡಿ, ಹಾಡುಗಾರರ ಯಂತ್ರಕ್ಕೆಂದು ಇನ್ನೂರೈವತ್ತಾರರ ರ್‍ಯಾಮ್ ಪಟ್ಟಿಯೊಂದನ್ನು ಕೊಂಡು ತಂದಿದ್ದಳು. ಅದೇ ಭಾನುವಾರ, ಎಲ್ಲರೆದುರು, ಚಿಕ್ಕ ಚಾಪೆಯ ಮೇಲಿಟ್ಟು ಚರ್ಚಿಗೆ ಒಪ್ಪಿಸಿದಳು. ಮೂವರು ಹಿರಿಯರು ಎದ್ದು ಧನ್ಯವಾದದ ಭಾಷಣ ಮಾಡಿದರು. ಒಬ್ಬರಂತೂ ಆ ಪಟ್ಟಿಯನ್ನು ಹಡಗಿನ ಲಂಗರಿಗೆ ಹೋಲಿಸಿ ಕಣ್ಣೊರೆಸಿಕೊಂಡರು.

ಟೋಂಗಾದ ರೂಢಿಯಲ್ಲಿ ಅಪ್ಪನ ಅಕ್ಕ ಎಂದರೆ ಅಪ್ಪನಿಗಿಂತ ಮೇಲು. ಅವಳು ಒಳಗೆ ಬಂದರೆ ಕೆಲೆಪಿಯ ಅಪ್ಪ ಟಿ.ವಿ. ಆರಿಸಿ ಎದ್ದು ಹೊರಗೆ ಹೋಗುತ್ತಿದ್ದ. ಅವಳು ಕೂತರೆ ಕೆಲೆಪಿ ಅವಳಿಗಿಂತ ಕೆಳಗೆ ಕೂರಬೇಕು. ಅವಳು ಕೊಟ್ಟದ್ದಕ್ಕೆ ಸಾಲದು ಎನ್ನುವಂತಿಲ್ಲ, ಹೆಚ್ಚಾಯಿತು ಎನ್ನುವಂತೆಯೂ ಇಲ್ಲ.

ಸೋಮವಾರ ಮಧ್ಯಾಹ್ನದ ಬಿಡುವಿನಲ್ಲಿ ಕೆಲೆಪಿ ಚರ್ಚಿಗೆ ಹೋಗಿ ಹಳೆಯ ಪಟ್ಟಿ ತೆಗೆದು ಅತ್ತೆಯದನ್ನು ಹಾಕಿದ. ಆ ಬೋರ್ಡಿನಲ್ಲಿ ಮೂರು ಸ್ಲಾಟುಗಳು. ಅತ್ತೆಯ ಪಟ್ಟಿ ಮೊದಲನೆಯದರಲ್ಲಿ ಕೂತಿತು. ಅರವತ್ತನಾಲ್ಕರ ಮುದಿ ಪಟ್ಟಿಯನ್ನು ಅದರ ಪಕ್ಕಕ್ಕೆ ಕೂರಿಸುವುದು ಅವಮರ್ಯಾದೆಯಾದೀತು ಎಂದು ಅದನ್ನು ಡ್ರಾಯರಿಗೆ ಹಾಕಿದ. ರ್‍ಯಾಮಿಗೂ ಮರ್ಯಾದೆಗೂ ಏನು ಸಂಬಂಧ ಎಂದು ಯಾರಾದರೂ ಕೇಳಿದ್ದರೆ ಅವನೇ ನಗುತ್ತಿದ್ದ. ಯಾರೂ ಕೇಳಲಿಲ್ಲ. ಯಂತ್ರ ಎದ್ದಿತು. ಪರದೆಯ ಮೇಲೆ ಅಂಕಿ ಓಡಿ ನಿಂತಿತು: 131072.

ಪಕ್ಕದಲ್ಲಿ ನಿಂತಿದ್ದ ಓಸಾಯಾಸಿ ಹಾಡಲು ಬಾಯಿ ತೆರೆದ, ಮುಚ್ಚಿದ. "ಲೋ ಕೆಲೆಪಿ, ಏನೋ ಇದು? ಒಂದು, ಸೊನ್ನೆ, ಎರಡು... ಈ ಅಂಕಿಗೆಲ್ಲ ಸ್ವರಾನೇ ಇಲ್ವಲ್ಲೋ. ಹಾಡೋದು ಹೆಂಗೆ?"

"ಹಾಡೋಕಲ್ಲ ಮೇಷ್ಟ್ರೇ ಇರೋದು, ಎಣಿಸೋಕೆ."

"ಹಾಡೋಕೆ ಬರದೇ ಇರೋ ಅಂಕಿ ನಂಗೆ ಸರಿ ಕಾಣ್ಸಲ್ಲಪ್ಪ."

ಕೆಲೆಪಿ ನಕ್ಕುಬಿಟ್ಟ. ಅಂಗಡಿಯಲ್ಲಾಗಿದ್ದರೆ ಆ ಅಂಕಿ ನೋಡಿದ ಕ್ಷಣವೇ ಅವನು ಹೇಳುತ್ತಿದ್ದ: ಇದು ನೂರಿಪ್ಪತ್ತೆಂಟು ಎಂ.ಬಿ., ಅಂದರೆ ಅರ್ಧ, ಇನ್ನರ್ಧ ಬೋರ್ಡಿನ ಕಣ್ಣಿಗೆ ಬಿದ್ದಿಲ್ಲ, ಪಟ್ಟಿ ತೆಗಿ, ಚಿಪ್ಪು ಎಣಿಸು. ಇಲ್ಲಿ ಮಾತ್ರ, ಹಳೇ ಬೋರ್ಡು ಲೆಕ್ಕದಲ್ಲಿ ಸ್ವಲ್ಪ ದಡ್ಡ, ಕೆಲಸ ಮಾಡುತ್ತದೆ ಬಿಡು ಎಂದುಕೊಂಡ. ದಡ್ಡ ಯಾರು ಎನ್ನುವುದು ಆಮೇಲೆ ಗೊತ್ತಾಯಿತು.

ದೊಡ್ಡ ಹಾಳೆಯ ಅಚ್ಚು ಶುರುವಾಯಿತು. ಒಂದನೇ ಪುಟ ಬಂತು, ಎರಡನೆಯದು ಬಂತು. ಮೂರನೇ ಪುಟದ ನಡುವೆ ಪರದೆ ನೀಲಿಯಾಗಿ ಯಂತ್ರ ಹೆಪ್ಪುಗಟ್ಟಿತು. ಮತ್ತೆ ಎಬ್ಬಿಸಿದರೆ ಮತ್ತೆ ಅಷ್ಟೇ.

ಆ ಮೂರು ದಿನ ಕೆಲೆಪಿ ದುಡಿದಷ್ಟು ಯಾವ ಇಂಜಿನಿಯರನೂ ದುಡಿದಿರಲಾರ. ಸೋಮವಾರ ಖಾಲಿಯಿದ್ದ ಎರಡು ಸ್ಲಾಟುಗಳ ಒಳಗಿನ ಧೂಳು ತೆಗೆದ. ಮೂಲೆಯಲ್ಲಿ ಹಲ್ಲಿಯ ಎರಡು ಮೊಟ್ಟೆ ಸಿಕ್ಕವು, ಅವನ್ನು ಹೂವಿನ ಕುಂಡದಲ್ಲಿಟ್ಟ. ಮಂಗಳವಾರ ಅಂಗಡಿಯಿಂದ ಬೇರೆ ಪವರ್ ಸಪ್ಲೈ ತಂದು ಹಾಕಿದ, ಬೋರ್ಡಿನ ಬ್ಯಾಟರಿ ಬದಲಿಸಿದ. ಬುಧವಾರ ರ್‍ಯಾಮಿನ ವೇಗ ತಗ್ಗಿಸಿ ನೋಡಿದ, ಪ್ರಿಂಟರಿನ ಕೇಬಲ್ ಬದಲಿಸಿದ, ಪ್ರೋಗ್ರಾಮನ್ನು ಅಳಿಸಿ ಮತ್ತೆ ತುಂಬಿದ. ಮೂರನೇ ಪುಟದಲ್ಲಿ ನೀಲಿ ಪರದೆ ಮಾತ್ರ ತಪ್ಪಲಿಲ್ಲ. ಕೈಗೆ ಸಿಕ್ಕ ಎಲ್ಲದರ ಮೇಲೂ ಅನುಮಾನಪಟ್ಟ. ಅಚ್ಚು ಹಾಕುವ ಕಾಗದದ ಮೇಲೂ ಪಟ್ಟ.

ಬುಧವಾರ ಸಂಜೆ ಅಂಗಡಿಯಲ್ಲಿ ಲತಾಯ್ ಕೇಳಿದಳು, "ಏನೋ, ನನ್ನ ಪವರ್ ಸಪ್ಲೈ ಹೋಯ್ತು, ಬ್ಯಾಟರಿ ಹೋಯ್ತು, ಕೇಬಲ್ ಹೋಯ್ತು. ಇನ್ನು ನನ್ನ ಕುರ್ಚಿ ಒಯ್ದು ಹಾಕಿ ನೋಡ್ತೀಯಾ ಹೆಂಗೆ?"

"ಬೋರ್ಡೇ ಹೋಗಿದೆ ಅನ್ಸುತ್ತಕ್ಕ."

"ರ್‍ಯಾಮ್ ತೆಗೆದು ನೋಡಿದ್ಯಾ?"

ಕೆಲೆಪಿ ಕೇಕೆ ಎನ್ನುವ ಕರಿದ ಹಿಟ್ಟಿನ ಉಂಡೆಯೊಂದನ್ನು ಬಾಯಿಗೆ ಹಾಕಿಕೊಂಡು ಉತ್ತರ ತಡ ಮಾಡಿದ. "ರ್‍ಯಾಮ್ ಚೆನ್ನಾಗಿದೆ."

"ಹೆಂಗೆ ಗೊತ್ತು?"

"ಅತ್ತೆ ತಂದಿದ್ದು."

ಲತಾಯ್ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಯ್ಯೋ ದೇವರೇ! ಕಳೆದ ವಾರ ನೀರಿನ ಕಚೇರಿಯವರು ಇದೇ ತೊಂದ್ರೆ ಅಂತ ಬಂದಾಗ ಏನು ಮಾಡ್ದೆ? ಬಾಗಿಲಲ್ಲಿ ನಿಂತಿದ್ದಾಗಲೇ ಚಿಪ್ಪು ಎಣಿಸಿ, ಇದು ಆಗಲ್ಲ ಹೋಗಿ ಅಂದೆ. ಆ ರ್‍ಯಾಮಿಗೆ ಅತ್ತೆ ಇರ್ಲಿಲ್ವಾ?"

ಕೆಲೆಪಿಯ ಬಾಯಲ್ಲಿದ್ದ ಉಂಡೆ ಹಾಗೇ ನಿಂತಿತು. ಮೂರು ದಿನ ತಾನು ಯಂತ್ರದ ಪ್ರತಿಯೊಂದು ತಿರುಪನ್ನೂ ಮುಟ್ಟಿದ್ದ. ಮೊದಲನೇ ಸ್ಲಾಟನ್ನು ಮಾತ್ರ ಮುಟ್ಟಿರಲಿಲ್ಲ. ಅದರ ಸುತ್ತ ಬಗ್ಗಿ, ಜಾರಿ, ದಾರಿ ಬಿಟ್ಟು, ಅತ್ತೆ ಕೂತ ಕೋಣೆಯಲ್ಲಿ ನಡೆಯುವ ಹಾಗೆಯೇ ಕೆಲಸ ಮಾಡಿದ್ದ.

ಗುರುವಾರ ಬೆಳಗ್ಗೆ ಚರ್ಚಿಗೆ ಹೋಗಿ, ಪಟ್ಟಿಯನ್ನು ತೆಗೆಯದೆಯೇ ಟಾರ್ಚ್ ಹಿಡಿದು ಬಗ್ಗಿ ನೋಡಿದ. ಒಂದು ಬದಿಯಲ್ಲಿ ಎಂಟು ಚಿಪ್ಪು. ಇನ್ನೊಂದು ಬದಿ ಬೋಳು. ಇನ್ನೂರೈವತ್ತಾರನ್ನು ಎಂಟರಿಂದ ಭಾಗಿಸಿದರೆ ಒಂದೊಂದರಲ್ಲಿ ಮೂವತ್ತೆರಡು. ಆ ಕಾಲದ ಬೋರ್ಡು ಒಂದು ಚಿಪ್ಪಿನಲ್ಲಿ ಹದಿನಾರಕ್ಕಿಂತ ಮೇಲೆ ಕಾಣಲಾರದು. ಅದೇ ಇನ್ನೂರೈವತ್ತಾರು ಎರಡೂ ಬದಿ ಎಂಟೆಂಟರಂತೆ ಹದಿನಾರು ಚಿಪ್ಪಿನಲ್ಲಿ ಹರಡಿದ್ದರೆ ಸರಾಗ ಓಡುತ್ತಿತ್ತು. ಅರ್ಧ ಮಾತ್ರ ಕಂಡ ಕೆಲವು ಬೋರ್ಡುಗಳು ಆ ಅರ್ಧದಲ್ಲೇ ತಣ್ಣಗೆ ಬದುಕುತ್ತವೆ. ಇದು ಹೊರೆ ಹೆಚ್ಚಾದ ಕೂಡಲೇ ದಾರಿ ತಪ್ಪುತ್ತಿತ್ತು. ಭಾಗಾಕಾರ ಮೂರನೇ ಕ್ಲಾಸಿನದು. ಅದಕ್ಕೆ ಅವನು ಮೂರು ದಿನ ತೆಗೆದುಕೊಂಡಿದ್ದ.

ಈಗ ಮಾಡಬೇಕಾದ್ದು ಸ್ಪಷ್ಟವಿತ್ತು. ಕಷ್ಟ ಎಂದರೆ ಅತ್ತೆಗೆ ಹೇಳುವುದು. ಕದ್ದು ಬದಲಿಸಿಬಿಡೋಣ ಎಂದು ಒಂದು ಗಳಿಗೆ ಅನ್ನಿಸಿತು. ಆದರೆ ಅಷ್ಟು ಜನರೆದುರು ಒಪ್ಪಿಸಿದ ಉಡುಗೊರೆ ಡ್ರಾಯರಿನಲ್ಲಿ ಸಿಕ್ಕಿಬಿದ್ದರೆ ಅತ್ತೆ ಮುಖ ಎಲ್ಲಿಟ್ಟುಕೊಳ್ಳುವುದು? ಹೇಳದೆ ಬಿಟ್ಟರೆ ಶುಕ್ರವಾರ ಸಂಜೆ ಅರವತ್ತು ಜನ ಬೋಳು ಗೋಡೆ ನೋಡಿಕೊಂಡು ಹಾಡಬೇಕು. ಅವನು ಊರಲ್ಲಿರುವ ಯಂತ್ರಗಳನ್ನೆಲ್ಲ ಮನಸ್ಸಿನಲ್ಲೇ ಬಿಚ್ಚಿ ನೋಡಿದ. ಪಕ್ಕದ ಕೋಣೆಯಲ್ಲೇ ಪಾದ್ರಿಗಳ ಕಂಪ್ಯೂಟರಿತ್ತು. ಹಾಡುಗಾರರದಕ್ಕಿಂತ ಎರಡು ವರ್ಷ ಹೊಸ ಬೋರ್ಡು, ಅವನೇ ಜೋಡಿಸಿದ್ದು. ಅದರಲ್ಲಿ ನೂರಿಪ್ಪತ್ತೆಂಟರ ಎರಡು ಪಟ್ಟಿ, ಎರಡೂ ಹದಿನಾರು ಚಿಪ್ಪಿನವು. ಅಂದರೆ ಒಂದೊಂದು ಚಿಪ್ಪಿನಲ್ಲಿ ಎಂಟೇ. ಹಳೇ ಬೋರ್ಡು ಕಣ್ಣು ಮುಚ್ಚಿ ಒಪ್ಪುತ್ತದೆ. ಅತ್ತೆಯ ಪಟ್ಟಿಯನ್ನು ಹೊಸ ಬೋರ್ಡು ಪೂರ್ತಿ ಓದುತ್ತದೆ. ಪಾದ್ರಿಗಳಿಗೂ ಒಂದು ಚೂರೂ ನಷ್ಟವಿಲ್ಲ.

ಕೆಲೆಪಿಗೆ ತನ್ನ ಮೇಲೆ ತನಗೇ ಗೌರವ ಬಂತು. ಆ ಗೌರವ ಆರುವ ಮೊದಲೇ ಪಾದ್ರಿಗಳನ್ನು ಕೇಳಿ ಒಪ್ಪಿಗೆ ಪಡೆದು, ಮನೆಗೆ ಹೋಗಿ, ಗೌರವಕ್ಕೆಂದು ಚರ್ಚಿಗೆ ಉಡುವ ಚಾಪೆಯನ್ನು ಸೊಂಟಕ್ಕೆ ಸುತ್ತಿ ಹಗ್ಗ ಬಿಗಿದು ಅತ್ತೆಯಿದ್ದ ಮನೆಯ ಜಗಲಿಗೆ ಹೋದ. ಮೆಲೆನಾಯಿತೆ ಕುರ್ಚಿಯಲ್ಲಿ ಕೂತು ಕಲ್ಲಂಗಡಿ ಹೆರೆಯುತ್ತಿದ್ದಳು. ಕೆಲೆಪಿ ನೆಲದ ಮೇಲೆ ಕೂತ.

"ಯಾರು ಸತ್ರು?" ಅಂದಳು ಅತ್ತೆ.

"ಯಾರೂ ಇಲ್ಲ ಅತ್ತೆ."

"ಮತ್ತೆ ವಾರದ ನಡುವೆ ಸೊಂಟಕ್ಕೆ ಚಾಪೆ? ಮದುವೆನಾ?"

"ರ್‍ಯಾಮ್ ವಿಷಯ."

ಅತ್ತೆ ಚಮಚ ಕೆಳಗಿಟ್ಟಳು. ಕೆಲೆಪಿ ದಾರಿಯುದ್ದಕ್ಕೂ ಜೋಡಿಸಿಕೊಂಡ ಮಾತುಗಳಲ್ಲಿ ಮೊದಲಿನ ನಾಲ್ಕು ವಾಕ್ಯ ಮರೆತು ಐದನೆಯದರಿಂದ ಶುರು ಮಾಡಿದ. "ಅತ್ತೆ, ನಿಮ್ಮ ಕಾರ್ಖಾನೆಲಿ ಮೀನಿನ ಪೆಟ್ಟಿಗೆ ಎರಡು ಪದರ ತುಂಬಿದ್ದು ಬರುತ್ತಲ್ಲ, ಮೇಲೊಂದು ಕೆಳಗೊಂದು. ತಪಾಸಣೆಗೆ ಕೂತೋನು ಹಳೆ ಮುದುಕ, ಒಂದೇ ಪದರ ಇರುತ್ತೆ ಅಂತ ಅವನ ನಂಬಿಕೆ. ಮೇಲಿಂದು ಎಣಿಸಿ ಅಷ್ಟೇ ಬರ್ಕೋತಾನೆ. ಮಾಲು ಹೆಚ್ಚಾಗಿ ಬಂದ ದಿನ ತಲೆಕೆಟ್ಟು ಮೇಜು ಬಿಟ್ಟು ಎದ್ದುಹೋಗ್ತಾನೆ. ನೀವು ತಂದ ಪೆಟ್ಟಿಗೆ ಒಳ್ಳೇದು, ಪೂರ್ತಿ ತುಂಬಿದೆ. ನಮ್ಮ ಬೋರ್ಡು ಆ ಮುದುಕ."

ಅತ್ತೆ ಅವನನ್ನೇ ದಿಟ್ಟಿಸಿದಳು. "ಅಂದ್ರೆ ಕೆಲಸ ಮಾಡ್ತಿಲ್ಲ."

"ಆ ಯಂತ್ರದಲ್ಲಿ ಮಾಡ್ತಿಲ್ಲ. ಪಾದ್ರಿಗಳ ಯಂತ್ರದಲ್ಲಿ ಪೂರ್ತಿ ಮಾಡುತ್ತೆ. ಅಲ್ಲಿರೋ ಎರಡು ಚಿಕ್ಕ ಪಟ್ಟಿ ಇಲ್ಲಿಗೆ ಬಂದ್ರೆ ಹಾಳೆ ಅಚ್ಚಾಗುತ್ತೆ. ನಿಮ್ಮದು ಮೇಲಿನ ಜಾಗಕ್ಕೇ ಹೋಗುತ್ತೆ ಅತ್ತೆ, ಇಳಿಯೋದಿಲ್ಲ."

"ಇದು ಗೊತ್ತಾಗಿದ್ದು ಯಾವಾಗ?"

"ಇವತ್ತು. ಆದ್ರೆ ಸೋಮವಾರಾನೇ ಗೊತ್ತಾಗಬೇಕಿತ್ತು. ಪರದೆ ಮೇಲೆ ಅರ್ಧ ಅಂತ ಬರ್ದಿತ್ತು. ನಾನು ನೋಡ್ಲಿಲ್ಲ."

"ನೋಡ್ಲಿಲ್ವೋ, ನನಗೆ ಹೆದರಿದ್ಯೋ?"

"ಎರಡೂ ಒಂದೇ ಅತ್ತೆ."

ಮೆಲೆನಾಯಿತೆ ಎದ್ದಳು. "ಗಂಟೆಗೆ ಇಪ್ಪತ್ತು ಪೆಟ್ಟಿಗೆ ವಾಪಸ್ ಕಳಿಸ್ತೀನಿ ನಾನು. ಯಾರ ಅತ್ತೆ ತುಂಬಿದ್ದು ಅಂತ ಒಂದು ದಿನಾನೂ ಕೇಳಿಲ್ಲ. ಅಂಗಡಿಯವನು ದೊಡ್ಡದು ಒಳ್ಳೇದು ಅಂದ, ತಂದೆ. ನಂಗೇನು ಗೊತ್ತು ಚಿಪ್ಪು ಎಣಿಸೋದು? ಗೊತ್ತಿರೋನು ನೀನು, ಬಾಯಿ ಮುಚ್ಕೊಂಡು ಕೂತೆ. ಮಹಾಸಭೇಲಿ ನಮ್ಮೋರು ತಪ್ಪು ಹಾಡಿದ್ರೆ ಆವಾಗ ನನ್ನ ಮರ್ಯಾದೆ ಉಳೀತಿತ್ತಾ? ನಡಿ."

"ಎಲ್ಲಿಗೆ?"

"ಚರ್ಚಿಗೆ. ಕೊಟ್ಟೋಳು ನಾನು, ತೆಗೆಯೋಳೂ ನಾನೇ. ನೀನು ತೆಗೆದ್ರೆ ನಾಳೆ ಅದಕ್ಕೊಂದು ಕತೆ ಕಟ್ತಾರೆ."

ಚರ್ಚಿನಲ್ಲಿ ಓಸಾಯಾಸಿ ಕೆಟ್ಟು ನಿಂತ ಯಂತ್ರದ ಎದುರು ತಲೆಗೆ ಕೈಹೊತ್ತು ಕೂತಿದ್ದ. ಅತ್ತೆಯನ್ನು ನೋಡಿ ಎದ್ದು ಅಂಗಿಯ ಗುಂಡಿ ಹಾಕಿಕೊಂಡ. ಕೆಲೆಪಿ ಕರೆಂಟು ತೆಗೆದು, ಮುಚ್ಚಳ ಬಿಚ್ಚಿ, ಸ್ಲಾಟಿನ ಎರಡು ಬದಿಯ ಹಿಡಿಕೆ ತೋರಿಸಿದ. ಅತ್ತೆ ಎರಡೂ ಹೆಬ್ಬೆರಳಿನಿಂದ ಒಟ್ಟಿಗೆ ಒತ್ತಿದಳು. ಪಟ್ಟಿ ಮೇಲೆದ್ದಿತು. ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ, "ಎಂಟು," ಎಂದಳು, ಮೀನು ಎಣಿಸುವ ದನಿಯಲ್ಲಿ. "ಹಿಂದೆ ಏನೂ ಇಲ್ಲ. ಇಷ್ಟು ಕಾಣ್ತಿತ್ತಲ್ಲೋ!"

ಪಾದ್ರಿಗಳ ಕೋಣೆಯಲ್ಲಿ ಅದನ್ನು ಕೂರಿಸಿದ್ದೂ ಅವಳೇ. ಪರದೆಯ ಮೇಲೆ 262144 ಎಂದು ಬಂದದ್ದನ್ನು ಕೆಲೆಪಿಯ ಬಾಯಿಂದ ಎರಡು ಸಲ ಓದಿಸಿಕೊಂಡು, ಪೂರ್ತಿ ಅಂತ ಪಾದ್ರಿಗಳಿಂದಲೂ ಹೇಳಿಸಿಕೊಂಡು ಈಚೆ ಬಂದಳು.

ಕೆಲೆಪಿ ಚಿಕ್ಕ ಪಟ್ಟಿಗಳೆರಡನ್ನೂ ಮೂಸಿ, ಎಣಿಸಿ, ಉಜ್ಜಿ ಹಳೇ ಬೋರ್ಡಿಗೆ ಹಾಕಿದ. ಮೂರನೇ ಸ್ಲಾಟು ಖಾಲಿಯಿತ್ತು. ಡ್ರಾಯರಿನಿಂದ ಅರವತ್ತನಾಲ್ಕರ ಮುದಿ ಪಟ್ಟಿಯನ್ನು ತೆಗೆದು, ಇನ್ನು ಯಾರ ಮರ್ಯಾದೆಯ ಪ್ರಶ್ನೆಯೂ ಇಲ್ಲವೆಂದು ಅದನ್ನೂ ಅಲ್ಲಿ ಕೂರಿಸಿದ. ಯಂತ್ರ ಎದ್ದಿತು. ಅಂಕಿಗಳು ಓಡಿದವು, ನಿಂತವು: 327680.

ಓಸಾಯಾಸಿ ಮೂಗಿನ ಮೇಲೆ ಕನ್ನಡಕ ಏರಿಸಿದ. "ಮೂರು... ಎರಡಕ್ಕೆ ಸ್ವರ ಇಲ್ಲ... ಏಳು, ಆರು, ಎಂಟು... ಸೊನ್ನೆಗೂ ಇಲ್ಲ." ಮೇಜಿನ ಮೇಲೆ ಬೆರಳಿನಿಂದ ತಾಳ ಹಾಕಿದ. ಸ್ವರವಿಲ್ಲದ ಕಡೆ ಬರೀ ಬೆರಳು ಬಡಿದ. "ತೊ... ಟಕ್... ತು ನೊ ವಾ... ಟಕ್. ಹಾಂ! ಇದು ಬರುತ್ತೆ ಕಣೋ. ಉಸಿರು ತಗೊಳ್ಳೋಕೂ ಜಾಗ ಇದೆ."

"ಹಾಗಾದ್ರೆ ಅಚ್ಚಿಗೆ ಕೊಡ್ಲಾ ಮೇಷ್ಟ್ರೇ?"

"ಕೊಡು."

ಒಂದನೇ ಪುಟ ಬಂತು, ಎರಡನೆಯದು ಬಂತು. ಮೂರನೆಯದರ ನಡುವೆ ಪ್ರಿಂಟರ್ ಒಮ್ಮೆ ಸುಮ್ಮನಾಯಿತು. ಕೆಲೆಪಿಯ ಕೈ ಜೇಬಿನ ರಬ್ಬರಿಗೆ ಹೋಯಿತು. ಪ್ರಿಂಟರ್ ಕಾಗದವನ್ನು ಮುಂದಕ್ಕೆ ಸರಿಸಲು ನಿಂತಿತ್ತಷ್ಟೆ. ಒಂಬತ್ತೂ ಪುಟ ಬಂದವು. ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ನಾಲ್ಕೂ ಹಾಳೆ ಮುಗಿದು, ಮೆಲೆನಾಯಿತೆ ನೆಲದ ಮೇಲೆ ಹರಡಿ ಅಂಟು ಹಚ್ಚುತ್ತಿದ್ದಳು. ಪುಟಗಳ ಅಂಚು ಒಂದು ಕೂದಲೆಳೆ ಆಚೀಚೆಯಾದರೂ ಕಿತ್ತು ಮತ್ತೆ ಹಚ್ಚಿಸುತ್ತಿದ್ದಳು. ಅವಳು ನೆಲದ ಮೇಲಿದ್ದಾಳೆಂದು ಕೆಲೆಪಿ ಇನ್ನೂ ಕೆಳಗೆ ಹೋಗಲು ಜಾಗವಿಲ್ಲದೆ ಬೋರಲು ಮಲಗಿ ಕತ್ತರಿ ಆಡಿಸುತ್ತಿದ್ದ.

"ಆ ಮೂರನೇ ಸ್ಲಾಟಲ್ಲಿ ಏನೋ ಹಾಕಿದ್ಯಲ್ಲ, ಏನದು?" ಎಂದಳು ಅತ್ತೆ, ತಲೆಯೆತ್ತದೆ.

"ಹಳೇದು ಅತ್ತೆ. ಮೊದಲಿಂದ ಇದ್ದಿದ್ದು."

"ಎಲ್ಲರಿಗಿಂತ ಹಿರೀದು ಅದೇ ಅಲ್ವಾ? ಅದನ್ನ ಕೊನೇಲಿ ಕೂರಿಸಿದ್ಯಾ?"

ಕೆಲೆಪಿ ಕತ್ತರಿ ಕೆಳಗಿಟ್ಟು ಎದ್ದೇಬಿಟ್ಟ. ಬಾಗಿಲ ತನಕ ಹೋದವನು ಹಿಂದೆ ಅತ್ತೆ, ಓಸಾಯಾಸಿ ಇಬ್ಬರೂ ಬಿದ್ದು ಬಿದ್ದು ನಗುವುದು ಕೇಳಿ ನಿಂತ. ಐದೂವರೆಗೆ ಹಾಡುಗಾರರು ಬರತೊಡಗಿದರು. ನಾಲ್ಕೂ ಹಾಳೆ ಗೋಡೆಯ ಮೇಲಿದ್ದವು.